ಆ ಪುಟ್ಟ ಸೀಸೆಯಲ್ಲಿ ಏನಿದೆ?

ಬಾಳೆದಿಂಡು ಹೆಚ್ಚಲು ಕೂರುವ ಮೊದಲು ಅಜ್ಜಿ ಏನು ಮಾಡುತ್ತಾರೆ, ಗಮನಿಸಿದ್ದೀರಾ ಮಕ್ಕಳೇ? ಈಳಿಗೆಮಣೆಯ ಪಕ್ಕದಲ್ಲಿ ಒಂದು ಪಾತ್ರೆ ಇಟ್ಟುಕೊಂಡು, ಅದಕ್ಕೆ ನೀರುಮಜ್ಜಿಗೆ ಸುರಿದಿರುತ್ತಾರೆ. ದಿಂಡಿನ ಬಿಲ್ಲೆ ಈಳಿಗೆಯಿಂದ ಜಾರಿದ್ದೇ ತಡ, ಮಜ್ಜಿಗೆಯಲ್ಲಿ ಮುಳುಗಬೇಕು. ಪಾತ್ರೆಯನ್ನು ಆಮೇಲೆ ತಂದರಾಯಿತು ಎಂದು ಕೂತರೆ ಅಷ್ಟರಲ್ಲಿ ದಿಂಡು ಕಪ್ಪಗಾಗಿರುತ್ತದೆ. ಬದನೆಕಾಯಿ, ಬಾಳೆಕಾಯಿ, ಸೇಬು ಎಲ್ಲದರದ್ದೂ ಇದೇ ಕಥೆ. ಕತ್ತರಿಸಿದಾಗ ಜೀವಕೋಶಗಳು ಒಡೆಯುತ್ತವೆ. ಅಲ್ಲಿಯವರೆಗೆ ಬೇರೆ ಬೇರೆ ಕೋಣೆಗಳಲ್ಲಿ ಇದ್ದ ವಸ್ತುಗಳು ಒಂದರೊಡನೊಂದು ಬೆರೆಯುತ್ತವೆ. ಕಿಣ್ವಗಳೆಂಬ ಪ್ರೋಟೀನುಗಳು ಗಾಳಿಯ ಆಮ್ಲಜನಕವನ್ನು ಬಳಸಿಕೊಂಡು ಬಣ್ಣ ಕೆಡಿಸುತ್ತವೆ. ಮಜ್ಜಿಗೆಯ ಹುಳಿ ಆ ಕಿಣ್ವಗಳ ಕೈ ಕಟ್ಟಿಹಾಕುತ್ತದೆ.

ನಾನು 31 ವರ್ಷ ಮಾಡಿದ್ದೂ ಹೆಚ್ಚುಕಡಿಮೆ ಇಂಥದ್ದೇ ಕೆಲಸ. ಒಂದು ಸರ್ಕಾರಿ ಆಸ್ಪತ್ರೆಯ ಪೆಥಾಲಜಿ ವಿಭಾಗದಲ್ಲಿ ನಾನು ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ನನ್ನ ಕೈಗೆ ಬರುತ್ತಿದ್ದುದು ಬಾಳೆದಿಂಡಲ್ಲ, ಮನುಷ್ಯರ ಮೈಯಿಂದ ತೆಗೆದ ಚೂರು. ಮಜ್ಜಿಗೆಯ ಜಾಗದಲ್ಲಿ ಇದ್ದದ್ದು ಫಾರ್ಮಲಿನ್ ಎಂಬ ಕಣ್ಣುರಿಸುವ ದ್ರವ. ಮನೆಯಲ್ಲಿ ಯಾರಿಗಾದರೂ 'ಬಯಾಪ್ಸಿ' ಮಾಡಿಸಿದ್ದರೆ ಆ ಚೂರಿದ್ದ ಪುಟ್ಟ ಸೀಸೆಯನ್ನು ನೀವೂ ನೋಡಿರುತ್ತೀರಿ. ಎಷ್ಟೋ ಸಲ ಅದನ್ನು ಆಪರೇಷನ್ ಕೋಣೆಯಿಂದ ಲ್ಯಾಬಿಗೆ ಹೊತ್ತು ತರುವವರು ಮನೆಯವರೇ. ಆ ಸೀಸೆಯ ಕಥೆ ಗೊತ್ತಿದ್ದರೆ ಒಳ್ಳೆಯದು ಎಂದು ಇದನ್ನು ಬರೆಯುತ್ತಿದ್ದೇನೆ.

ತನ್ನನ್ನೇ ಅರಗಿಸಿಕೊಳ್ಳುವ ಕೋಶ

ನಮ್ಮ ಮೈಯ ಪ್ರತಿಯೊಂದು ಭಾಗವೂ ಜೀವಕೋಶಗಳಿಂದ ಆದದ್ದು. ಒಂದೇ ಬಗೆಯ ಕೆಲಸಕ್ಕೆ ನಿಂತ ಕೋಶಗಳ ಗುಂಪಿಗೆ ಅಂಗಾಂಶ ಎನ್ನುತ್ತೇವೆ. ಕೋಶದೊಳಗೆ ಕಸ ಅರಗಿಸುವ ಕಿಣ್ವಗಳು ತುಂಬಿದ ಸಣ್ಣ ಸಣ್ಣ ಚೀಲಗಳಿವೆ. ಅವುಗಳ ಹೆಸರು ಲೈಸೊಸೋಮ್. ಬೆಲ್ಜಿಯಂನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡೂವ್ ಅವುಗಳಿಗೆ 1955ರಲ್ಲಿ ಈ ಹೆಸರಿಟ್ಟರು. ಕೋಶ ಬದುಕಿರುವವರೆಗೂ ಚೀಲದ ಬಾಯಿ ಭದ್ರ.

ಅಂಗಾಂಶವನ್ನು ಮೈಯಿಂದ ಕತ್ತರಿಸಿ ತೆಗೆದ ಕ್ಷಣದಿಂದ ಅದಕ್ಕೆ ರಕ್ತವಿಲ್ಲ, ಆಮ್ಲಜನಕವಿಲ್ಲ. ಹೊತ್ತು ಹೋದಂತೆ ಚೀಲಗಳು ಸೋರತೊಡಗುತ್ತವೆ. ಕಿಣ್ವಗಳು ಹೊರಬಂದು ತಮ್ಮ ಮನೆಯನ್ನೇ ಅರಗಿಸಲು ಶುರುಮಾಡುತ್ತವೆ. ಇದರ ಮೇಲೆ ಬ್ಯಾಕ್ಟೀರಿಯಾಗಳೂ ಸೇರಿಕೊಂಡರೆ ಕೊಳೆಯುವಿಕೆ. ಎಲ್ಲ ಅಂಗಾಂಶಗಳೂ ಒಂದೇ ವೇಗದಲ್ಲಿ ಕೆಡುವುದಿಲ್ಲ. ಅರಗಿಸುವ ರಸವನ್ನೇ ತಯಾರಿಸುವ ಮೇದೋಜೀರಕ ಗ್ರಂಥಿ ಮತ್ತು ಕರುಳಿನ ಒಳಪದರ ಬಹಳ ಬೇಗ ಹಾಳಾಗುತ್ತವೆ. ಚರ್ಮ ಸ್ವಲ್ಪ ತಾಳಿಕೊಳ್ಳುತ್ತದೆ. ಬೇಸಿಗೆಯ ಸೆಖೆಯಲ್ಲಂತೂ ಎಲ್ಲವೂ ಬೇಗ.

ಸೂಕ್ಷ್ಮದರ್ಶಕದಲ್ಲಿ ನೋಡುವ ಡಾಕ್ಟರಿಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ. ಮೈಯೊಳಗಿದ್ದಾಗ ಕೋಶ ಹೇಗಿತ್ತೋ ಹಾಗೆಯೇ ಕಾಣಬೇಕು. ಅದರ ನಡುವಿನ ಕೋಶಕೇಂದ್ರ ದೊಡ್ಡದೇ, ಸಣ್ಣದೇ? ಕೋಶಗಳು ಸಾಲಾಗಿ ನಿಂತಿವೆಯೇ, ಅಡ್ಡಾದಿಡ್ಡಿ ಬೆಳೆದಿವೆಯೇ? ಕ್ಯಾನ್ಸರ್ ಹೌದೋ ಅಲ್ಲವೋ ಎಂಬ ಮಾತು ನಿಂತಿರುವುದು ಇಂಥ ವಿವರಗಳ ಮೇಲೆ. ಆದ್ದರಿಂದ ಕೋಶವನ್ನು ಇದ್ದ ಸ್ಥಿತಿಯಲ್ಲೇ ಗಟ್ಟಿಯಾಗಿ ನಿಲ್ಲಿಸಿಬಿಡಬೇಕು. ಹಾಗೆ ನಿಲ್ಲಿಸುವುದನ್ನು ಲ್ಯಾಬಿನಲ್ಲಿ 'ಫಿಕ್ಸ್ ಮಾಡುವುದು' ಎನ್ನುತ್ತೇವೆ. ಅದಕ್ಕೆ ಬಳಸುವ ರಾಸಾಯನಿಕವೇ ಫಿಕ್ಸೆಟಿವ್.

ಬೇಯಿಸಿದ ಮೊಟ್ಟೆ, ಹದಮಾಡಿದ ಚರ್ಮ

ಫಿಕ್ಸ್ ಮಾಡುವುದು ಎಂದರೇನು ಎಂಬುದಕ್ಕೆ ಉದಾಹರಣೆ ಮನೆಯಲ್ಲೇ ಇದೆ. ಹಸಿ ಮೊಟ್ಟೆಯ ಲೋಳೆ ಹರಿಯುತ್ತದೆ, ಬೇಯಿಸಿದರೆ ಗಟ್ಟಿ. ಶಾಖಕ್ಕೆ ಪ್ರೋಟೀನಿನ ಮಡಿಕೆಗಳು ಬಿಚ್ಚಿ ಒಂದಕ್ಕೊಂದು ಸಿಕ್ಕಿಕೊಂಡು ಹೆಪ್ಪಾಗುತ್ತವೆ. ಅದನ್ನು ಮತ್ತೆ ಹಸಿಯಾಗಿಸಲು ಬರುವುದಿಲ್ಲ. ಇನ್ನೊಂದು ಉದಾಹರಣೆ ಚಪ್ಪಲಿಯ ಚರ್ಮ. ಹಸಿ ಚರ್ಮವನ್ನು ಹಾಗೇ ಬಿಟ್ಟರೆ ಎರಡೇ ದಿನಕ್ಕೆ ನಾರುತ್ತದೆ. ತಂಗಡಿ ಗಿಡದ ತೊಗಟೆಯ ಒಗರು ನೀರಿನಲ್ಲಿ ನೆನೆಸಿ ಹದಮಾಡಿದರೆ ವರ್ಷಗಟ್ಟಲೆ ಬಾಳುತ್ತದೆ. ತೊಗಟೆಯ ಒಗರು ಚರ್ಮದ ಪ್ರೋಟೀನಿನ ಎಳೆಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ನಮ್ಮ ಹಳ್ಳಿಗಳಲ್ಲಿ ಚರ್ಮ ಹದಮಾಡುತ್ತಿದ್ದವರಿಗೆ ಈ ಕೆಲಸ ರಸಾಯನಶಾಸ್ತ್ರದ ಪುಸ್ತಕ ಇಲ್ಲದೆಯೂ ಗೊತ್ತಿತ್ತು.

ಅಂಗಾಂಶವನ್ನು ಕೆಡದಂತೆ ಇಡಲು ಮೊದಲು ಬಳಸಿದ್ದು ಮದ್ಯಸಾರ, ಅಂದರೆ ಆಲ್ಕೊಹಾಲ್. 1660ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ ಸಣ್ಣ ಪ್ರಾಣಿಗಳನ್ನು ಮದ್ಯಸಾರದಲ್ಲಿ ಮುಳುಗಿಸಿಟ್ಟು ತೋರಿಸಿದ್ದರು. ಅನಿಲದ ಒತ್ತಡದ ಬಗ್ಗೆ ನೀವು ಓದುವ ಬಾಯ್ಲನ ನಿಯಮ ಇದೇ ಬಾಯ್ಲ್ ಅವರದ್ದು. ಆದರೆ ಆಲ್ಕೊಹಾಲಿನಲ್ಲಿ ಒಂದು ತೊಂದರೆ ಇದೆ. ಅದು ಅಂಗಾಂಶದ ನೀರನ್ನೆಲ್ಲ ಹೀರಿ ಅದನ್ನು ಸುಕ್ಕುಗಟ್ಟಿಸುತ್ತದೆ. ಉಪ್ಪು ಸೇರಿದ ಮಿಡಿಮಾವು ನೋಡಿ, ಕೆಡುವುದಿಲ್ಲ ನಿಜ, ಮರದಲ್ಲಿದ್ದ ಆಕಾರ ಮಾತ್ರ ಉಳಿದಿರುವುದಿಲ್ಲ. ಉಪ್ಪಿನಕಾಯಿಗೆ ಅದು ಸರಿ. ರೋಗ ಹುಡುಕುವವರಿಗೆ ಆಕಾರವೇ ಮುಖ್ಯ.

ಗಟ್ಟಿಯಾದ ಬೆರಳು

ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ರಷ್ಯಾದ ರಸಾಯನಶಾಸ್ತ್ರಜ್ಞ ಬಟ್ಲೆರೋವ್ 1859ರಲ್ಲಿ ಮೊದಲು ತಯಾರಿಸಿದರು. ಅದರ ಸ್ವರೂಪವನ್ನು ಸ್ಪಷ್ಟಪಡಿಸಿದವರು ಜರ್ಮನಿಯ ಹಾಫ್‌ಮನ್. ಈ ಅನಿಲ ನೀರಿನಲ್ಲಿ ಕರಗಿದ ದ್ರಾವಣವೇ ಫಾರ್ಮಲಿನ್.

ಅದು ಅಂಗಾಂಶ ಕಾಯುವ ಕೆಲಸಕ್ಕೆ ಬಂದದ್ದು ಹೀಗೆ. ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಫರ್ಡಿನಾಂಡ್ ಬ್ಲುಮ್ ಎಂಬ ವೈದ್ಯರಿದ್ದರು. ಫಾರ್ಮಾಲ್ಡಿಹೈಡ್ ರೋಗಾಣುಗಳನ್ನು ಕೊಲ್ಲುತ್ತದೆಯೇ ಎಂದು ಅವರು ಪರೀಕ್ಷೆ ಮಾಡುತ್ತಿದ್ದರು. ದಿನಗಟ್ಟಲೆ ಆ ದ್ರವದಲ್ಲಿ ಕೈಯಾಡಿಸಿದ್ದಕ್ಕೆ ಅವರ ಬೆರಳುಗಳ ಚರ್ಮ ಗಟ್ಟಿಯಾಯಿತು. ಆಲ್ಕೊಹಾಲಿನಲ್ಲಿಟ್ಟ ಅಂಗಾಂಶ ಗಟ್ಟಿಯಾಗುವುದನ್ನು ಅವರು ನೋಡಿದ್ದರು. ನನ್ನ ಚರ್ಮವನ್ನು ಗಟ್ಟಿಮಾಡಿದ್ದು ಬೇರೆ ಅಂಗಾಂಶವನ್ನೂ ಗಟ್ಟಿಮಾಡಬೇಕಲ್ಲ ಎಂದು ಯೋಚಿಸಿ, ಅದನ್ನೂ ಪರೀಕ್ಷಿಸಿ 1893ರಲ್ಲಿ ಪ್ರಕಟಿಸಿದರು. ಇವತ್ತಿಗೂ ಪ್ರಪಂಚದ ಎಲ್ಲ ಕಡೆಯ ಆಸ್ಪತ್ರೆಗಳಲ್ಲಿ ಹೆಚ್ಚಾಗಿ ಬಳಸುವುದು ಅದನ್ನೇ.

ಫಾರ್ಮಾಲ್ಡಿಹೈಡ್‌ನ ಅಣು ತೀರಾ ಚಿಕ್ಕದು. ಅದು ಕೋಶದೊಳಗೆ ನುಸುಳಿ ಒಂದು ಪ್ರೋಟೀನಿಗೂ ಪಕ್ಕದ ಪ್ರೋಟೀನಿಗೂ ನಡುವೆ ಸಣ್ಣ ಸೇತುವೆ ಕಟ್ಟುತ್ತದೆ. ಬಿಡಿ ಹೂಗಳನ್ನು ಬುಟ್ಟಿಯಲ್ಲಿ ಅಲುಗಿಸಿದರೆ ಚೆಲ್ಲಾಪಿಲ್ಲಿ. ದಾರದಲ್ಲಿ ಕಟ್ಟಿಬಿಟ್ಟರೆ ಪ್ರತಿ ಹೂವೂ ತನ್ನ ಜಾಗದಲ್ಲೇ. ಹೀಗೆ ಕಟ್ಟಿಹಾಕಿದ ಪ್ರೋಟೀನುಗಳಲ್ಲಿ ಆ ಕಿಣ್ವಗಳೂ ಸೇರಿವೆಯಾದ್ದರಿಂದ ಅವುಗಳ ಕಾಟವೂ ಅಲ್ಲಿಗೆ ಮುಗಿಯಿತು. ಬ್ಯಾಕ್ಟೀರಿಯಾಗಳೂ ಸತ್ತವು.

ಮಾರುಕಟ್ಟೆಯ ಫಾರ್ಮಲಿನ್‌ನಲ್ಲಿ ನೂರಕ್ಕೆ 37ರಿಂದ 40 ಪಾಲು ಫಾರ್ಮಾಲ್ಡಿಹೈಡ್ ಇರುತ್ತದೆ. ಲ್ಯಾಬಿನಲ್ಲಿ ಅದರ ಒಂದು ಪಾಲಿಗೆ ಒಂಬತ್ತು ಪಾಲು ನೀರು ಸೇರಿಸುತ್ತೇವೆ. ಜೊತೆಗೆ ಫಾಸ್ಫೇಟ್ ಲವಣಗಳನ್ನು ಹಾಕಿ, ಹುಳಿಯೂ ಅಲ್ಲದ ಕ್ಷಾರವೂ ಅಲ್ಲದ ಹದಕ್ಕೆ ತರುತ್ತೇವೆ. ದ್ರಾವಣ ಹುಳಿಯಾದರೆ ರಕ್ತವಿದ್ದ ಕಡೆ ಕಂದುಗಪ್ಪು ಕಣಗಳು ಕಾಣಿಸಿಕೊಂಡು ನೋಡುವವರನ್ನು ಗೊಂದಲಕ್ಕೆ ಕೆಡವುತ್ತವೆ.

ಅವಸರಕ್ಕೆ ಬಗ್ಗದ ದ್ರವ

ಫಾರ್ಮಲಿನ್ ಒಳಗಿಳಿಯುವುದು ನಿಧಾನ. ಮೊದಲ ಗಂಟೆಯಲ್ಲಿ ಸುಮಾರು 1 ಮಿಲಿಮೀಟರ್ ಎಂದು ಲೆಕ್ಕ, ಆಳಕ್ಕೆ ಹೋದಂತೆ ಇನ್ನೂ ನಿಧಾನ. ಒಳಹೊಕ್ಕ ಮೇಲೂ ಸೇತುವೆ ಕಟ್ಟಲು ಗಂಟೆಗಟ್ಟಲೆ ಬೇಕು. ದೊಡ್ಡ ಗಡ್ಡೆಯನ್ನು ಇಡಿಯಾಗಿ ಮುಳುಗಿಸಿಟ್ಟರೆ ಏನಾಗುತ್ತದೆ? ದೊಡ್ಡ ಉರಿಯಲ್ಲಿ ಹುಯ್ದ ದಪ್ಪ ದೋಸೆಯ ಹಾಗೆ, ಹೊರಗೆ ಬೆಂದಂತೆ ಕಂಡರೂ ಒಳಗೆಲ್ಲ ಹಸಿ. ಹೊರಪದರ ಫಿಕ್ಸ್ ಆಗುವ ಹೊತ್ತಿಗೆ ನಡುಭಾಗ ಕೆಟ್ಟಿರುತ್ತದೆ. ಆದ್ದರಿಂದ ದೊಡ್ಡ ಗಡ್ಡೆಯನ್ನು ಸೀಳಿ ಬಿಡಿಸಬೇಕು. ಪರೀಕ್ಷೆಗೆ ಆರಿಸಿದ ಹೋಳುಗಳು 3ರಿಂದ 5 ಮಿಲಿಮೀಟರ್‌ಗಿಂತ ದಪ್ಪ ಇರಬಾರದು.

ದ್ರವವೂ ಧಾರಾಳವಾಗಿರಬೇಕು. ಚೂರಿನ ಗಾತ್ರದ ಹತ್ತರಿಂದ ಇಪ್ಪತ್ತು ಪಟ್ಟು ಫಾರ್ಮಲಿನ್ ಹಾಕುವುದು ನಮ್ಮ ರೂಢಿ. ಹೊತ್ತಿನ ಲೆಕ್ಕವೂ ಇದೆ. ಸ್ತನದ ಗಡ್ಡೆಯನ್ನು ತೆಗೆದ ಒಂದು ಗಂಟೆಯೊಳಗೆ ಫಾರ್ಮಲಿನ್‌ಗೆ ಹಾಕಬೇಕು, 6 ಗಂಟೆಗೆ ಕಡಿಮೆಯಿಲ್ಲದೆ 72 ಗಂಟೆ ಮೀರದೆ ಅದರಲ್ಲಿ ಇಡಬೇಕು. ಯಾವ ಔಷಧಿ ಆ ರೋಗಿಗೆ ನಾಟುತ್ತದೆ ಎಂದು ತಿಳಿಸುವ ಮುಂದಿನ ಪರೀಕ್ಷೆಗಳು ಸರಿಯಾದ ಉತ್ತರ ಕೊಡಲು ಇದು ಅಗತ್ಯ.

ಒಬ್ಬ ಹುಡುಗನ ಪ್ರಶ್ನೆ

ಒಂದು ಬೇಸಿಗೆಯಲ್ಲಿ ಎಂಟನೇ ತರಗತಿಯ ಹುಡುಗನೊಬ್ಬ ತನ್ನ ಅಜ್ಜಿಯ ಜೊತೆ ನಮ್ಮ ಕಿಟಕಿಯ ಮುಂದೆ ನಿಂತ. ಅಜ್ಜಿಯ ಕುತ್ತಿಗೆಗೆ ಬ್ಯಾಂಡೇಜು. ಹಿಂದಿನ ಸಂಜೆ ಅವರ ಊರಿನ ಕಡೆಯ ನರ್ಸಿಂಗ್ ಹೋಮ್ ಒಂದರಲ್ಲಿ ಕುತ್ತಿಗೆಯ ಗಂಟನ್ನು ತೆಗೆದು, ಸೀಸೆಗೆ ಹಾಕಿ, ದೊಡ್ಡಾಸ್ಪತ್ರೆಗೆ ತೋರಿಸಿ ಎಂದು ಕೊಟ್ಟುಕಳಿಸಿದ್ದರು. ರಾತ್ರಿಯೆಲ್ಲ ಸೀಸೆ ಚೀಲದಲ್ಲಿತ್ತು, ಬೆಳಿಗ್ಗೆ ಮೂರು ಗಂಟೆಯ ಬಸ್ ಪ್ರಯಾಣ ಬೇರೆ. ಮುಚ್ಚಳ ತೆಗೆದರೆ ಫಾರ್ಮಲಿನ್ ವಾಸನೆಯೇ ಇಲ್ಲ. ಒಳಗಿದ್ದದ್ದು ಸಲೈನ್.

ತಕ್ಷಣ ಫಾರ್ಮಲಿನ್‌ಗೆ ಹಾಕಿದೆವು. ಆದರೆ ಹೊತ್ತು ಮೀರಿತ್ತು. ಸ್ಲೈಡಿನಲ್ಲಿ ಕೋಶಗಳು ಊದಿಕೊಂಡು, ಕೋಶಕೇಂದ್ರಗಳು ಮಾಸಿ, ಎಲ್ಲವೂ ಮಂಜಿನೊಳಗಿನ ಮರಗಳಂತೆ ಕಂಡವು. ನಮ್ಮ ಡಾಕ್ಟರು ಎರಡು ದಿನ ನೋಡಿ, ಅಂಗಾಂಶ ಕೆಟ್ಟಿರುವುದರಿಂದ ಅಭಿಪ್ರಾಯ ಹೇಳಲಾಗದು, ಮತ್ತೊಂದು ಮಾದರಿ ಬೇಕು ಎಂದು ಬರೆದರು. ವರದಿ ತೆಗೆದುಕೊಳ್ಳಲು ಬಂದ ಅಜ್ಜಿ, "ಮತ್ತೆ ಕೊಯ್ಯಬೇಕಾ ಸ್ವಾಮಿ?" ಎಂದು ಕೇಳಿದರು. ಅವರಿಗೆ ಕ್ಯಾನ್ಸರೋ ಏನೋ ಎಂಬ ಭಯ ಒಂದು ಕಡೆ, ಕೈಯಲ್ಲಿದ್ದ ದುಡ್ಡು ಮುಗಿದ ಚಿಂತೆ ಇನ್ನೊಂದು ಕಡೆ.

ಹುಡುಗ ಮಾತ್ರ ನನ್ನನ್ನು ಬಿಡಲಿಲ್ಲ. "ಸರ್, ಸಲೈನ್ ಶುದ್ಧ ಅಲ್ವಾ? ಅಜ್ಜಿಗೆ ಡ್ರಿಪ್ ಹಾಕಿದ್ದೂ ಅದೇ. ಅದರಲ್ಲಿಟ್ಟರೆ ಯಾಕೆ ಕೆಡುತ್ತೆ?"

ಒಳ್ಳೆಯ ಪ್ರಶ್ನೆ. ನಾನು ಹೇಳಿದೆ: "ಶುದ್ಧವೇ ಕಣಪ್ಪ. ಅದು ಕೋಶಕ್ಕೆ ಏನೂ ಮಾಡುವುದಿಲ್ಲ. ತೊಂದರೆ ಇರುವುದೇ ಅಲ್ಲಿ. ನಮಗೆ ಬೇಕಾದ್ದು ಕೋಶದೊಳಗಿನ ಕಿಣ್ವಗಳನ್ನು ತಡೆಯುವ ದ್ರವ. ಸಲೈನ್ ಅವುಗಳನ್ನು ತಡೆಯುವುದಿಲ್ಲ, ಸುಮ್ಮನೆ ನೋಡುತ್ತಾ ಕೂರುತ್ತದೆ."

ಎರಡನೇ ಸಲ ನಮ್ಮ ಆಸ್ಪತ್ರೆಯಲ್ಲೇ ಇನ್ನೊಂದು ಗಂಟು ತೆಗೆದರು. ಈ ಬಾರಿ ಎರಡು ಸೀಸೆ ಬಂದವು. ಒಂದರಲ್ಲಿ ಫಾರ್ಮಲಿನ್, ಇನ್ನೊಂದರಲ್ಲಿ ಸಲೈನ್! ಹುಡುಗ ನನ್ನ ಮುಖ ನೋಡಿದ. ಇದಕ್ಕೂ ಕಾರಣ ಇದೆ. ಗಂಟಿನಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡಬೇಕಾದರೆ ರೋಗಾಣು ಜೀವಂತವಾಗಿ ಬರಬೇಕು. ಫಾರ್ಮಲಿನ್ ಅದನ್ನು ಕೊಂದುಬಿಡುತ್ತದೆ. ಹಾಗಾಗಿ ಆ ಪರೀಕ್ಷೆಯ ಚೂರು ರೋಗಾಣುರಹಿತ ಸಲೈನ್‌ನಲ್ಲಿ, ಬೇಗನೆ ತಲುಪಬೇಕು. ಸೂಕ್ಷ್ಮದರ್ಶಕದ ಚೂರು ಫಾರ್ಮಲಿನ್‌ನಲ್ಲಿ. ಯಾವುದು ಯಾವುದರಲ್ಲಿ ಎಂದು ತೀರ್ಮಾನಿಸಬೇಕಾದವರು ಡಾಕ್ಟರು.

ಅಜ್ಜಿಯದು ಕ್ಯಾನ್ಸರ್ ಆಗಿರಲಿಲ್ಲ. ಕುತ್ತಿಗೆಯ ಗಂಟಿನ ಕ್ಷಯ. ಆರು ತಿಂಗಳ ಮಾತ್ರೆಯಲ್ಲಿ ಗುಣವಾಗುವಂಥದ್ದು, ಗುಣವೂ ಆಯಿತು. ಆದರೆ ಒಂದು ಸೀಸೆಯ ದ್ರವ ಬದಲಾಗಿದ್ದಕ್ಕೆ ಅವರು ಒಂದು ತಿಂಗಳು ಭಯದಲ್ಲಿ ಕಳೆದರು, ಎರಡು ಸಲ ಕೊಯ್ಸಿಕೊಂಡರು.

ಮೇಣದೊಳಗಿನ ಪಯಣ

ಫಿಕ್ಸ್ ಆದ ಚೂರು ಮುಂದೆ ಎಲ್ಲಿಗೆ ಹೋಗುತ್ತದೆ? ಸೂಕ್ಷ್ಮದರ್ಶಕದಲ್ಲಿ ಬೆಳಕು ಚೂರಿನ ಮೂಲಕ ಹಾದುಬರಬೇಕು. ಹಾಗಾಗಿ ಅದನ್ನು ಬಹಳ ತೆಳ್ಳಗೆ ಕತ್ತರಿಸಬೇಕು. ಮೆತ್ತಗಿನ ವಸ್ತುವನ್ನು ತೆಳ್ಳಗೆ ಕತ್ತರಿಸುವುದು ಕಷ್ಟವಾದ್ದರಿಂದ ಚೂರಿನೊಳಗೆ ಮೇಣ ತುಂಬಿಸುತ್ತೇವೆ. ನೀರಿಗೂ ಮೇಣಕ್ಕೂ ಆಗಿಬರುವುದಿಲ್ಲ. ಅದಕ್ಕೇ ಮೊದಲು ಹಂತಹಂತವಾಗಿ ಹೆಚ್ಚು ಗಾಢವಾದ ಆಲ್ಕೊಹಾಲಿನಲ್ಲಿಟ್ಟು ನೀರು ತೆಗೆಯುತ್ತೇವೆ. ಆಮೇಲೆ ಕ್ಸೈಲೀನ್ ಎಂಬ ದ್ರವದಲ್ಲಿಟ್ಟು ಆಲ್ಕೊಹಾಲ್ ತೆಗೆಯುತ್ತೇವೆ. ಕೊನೆಗೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿದ ಪ್ಯಾರಾಫಿನ್ ಮೇಣ. ತಣ್ಣಗಾದಾಗ ಚೂರು ಮೇಣದ ಒಂದು ಪುಟ್ಟ ಇಟ್ಟಿಗೆಯೊಳಗೆ ಕೂತಿರುತ್ತದೆ. ಇದನ್ನು 'ಬ್ಲಾಕ್' ಎನ್ನುತ್ತೇವೆ.

ಮೈಕ್ರೋಟೋಮ್ ಎಂಬ ಯಂತ್ರದ ಹಿಡಿ ತಿರುಗಿಸಿದರೆ ಬ್ಲಾಕಿನಿಂದ 3ರಿಂದ 5 ಮೈಕ್ರೋಮೀಟರ್ ದಪ್ಪದ ಪದರಗಳು ರಿಬ್ಬನ್ನಿನಂತೆ ಬರುತ್ತವೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗವೇ ಮೈಕ್ರೋಮೀಟರ್. ತಲೆಕೂದಲಿನ ದಪ್ಪದ ಮುಂದೆ ಈ ಪದರ ಏನೇನೂ ಅಲ್ಲ. ಬೆಚ್ಚಗಿನ ನೀರಿನ ಮೇಲೆ ತೇಲಿಸಿದರೆ ಅದರ ಸುಕ್ಕು ಬಿಡುತ್ತದೆ. ಆಗ ಗಾಜಿನ ಪಟ್ಟಿಯಲ್ಲಿ ಮೆಲ್ಲನೆ ಎತ್ತಿಕೊಳ್ಳಬೇಕು. ಫ್ಯಾನ್ ಹಾಕಿದ್ದರೆ, ಪಕ್ಕದಲ್ಲಿ ಯಾರಾದರೂ ಸೀನಿದರೆ ಪದರ ಹಾರಿಹೋಗುತ್ತದೆ. ಹೊಸಬರು ಬಂದಾಗ ನಾವು ಮೊದಲು ಕಲಿಸುತ್ತಿದ್ದುದು ಉಸಿರು ಹಿಡಿಯುವುದನ್ನೇ.

ಪದರಕ್ಕೆ ಬಣ್ಣವೇ ಇರುವುದಿಲ್ಲ. ನಾವು ಎರಡು ಬಣ್ಣ ಕಟ್ಟುತ್ತೇವೆ. ಒಂದು ಹೆಮಟಾಕ್ಸಿಲಿನ್. ಮೆಕ್ಸಿಕೊ, ಮಧ್ಯ ಅಮೆರಿಕಗಳ ಕಡೆ ಬೆಳೆಯುವ ಮರವೊಂದರ ತಿರುಳಿನಿಂದ ಬಂದದ್ದು. ಅದು ಕೋಶಕೇಂದ್ರಕ್ಕೆ ನೇರಳೆ ಮಿಶ್ರಿತ ನೀಲಿ ಬಣ್ಣ ಕೊಡುತ್ತದೆ. ಇನ್ನೊಂದು ಇಯೋಸಿನ್. ಅದು ಕೋಶದ ಉಳಿದ ಭಾಗಕ್ಕೆ ಗುಲಾಬಿ ಬಣ್ಣ ಕೊಡುತ್ತದೆ. ಇಷ್ಟೆಲ್ಲ ಆದಮೇಲೆಯೇ ಡಾಕ್ಟರು ಸ್ಲೈಡನ್ನು ನೋಡುವುದು. "ವರದಿಗೆ ಯಾಕಿಷ್ಟು ದಿನ?" ಎಂದು ಕೇಳುವ ಹಿರಿಯರಿಗೆ ಇದೇ ಉತ್ತರ. ಫಾರ್ಮಲಿನ್‌ನಲ್ಲಿ ಇರಬೇಕಾದ ಹೊತ್ತನ್ನು ಕಡಿತ ಮಾಡಿದರೆ ಮುಂದಿನ ಯಾವ ಹಂತವೂ ನೆಟ್ಟಗಾಗುವುದಿಲ್ಲ.

ಶಾಲೆಯ ಈರುಳ್ಳಿ ಬೇರು

ಎಲ್ಲ ಕೆಲಸಕ್ಕೂ ಫಾರ್ಮಲಿನ್ ಒಂದೇ ಸಾಲದು. ಪಿಯುಸಿ ಓದುವ ಅಣ್ಣ ಅಕ್ಕಂದಿರನ್ನು ಕೇಳಿ. ಈರುಳ್ಳಿಯನ್ನು ನೀರಿನ ಮೇಲಿಟ್ಟು ಬೇರು ಬರಿಸಿ, ಬೇರಿನ ತುದಿ ಕತ್ತರಿಸಿ, ಒಂದು ಪಾಲು ಅಸಿಟಿಕ್ ಆಮ್ಲ ಮೂರು ಪಾಲು ಆಲ್ಕೊಹಾಲ್ ಇರುವ ದ್ರಾವಣದಲ್ಲಿ ಒಂದು ದಿನ ಇಡುತ್ತಾರೆ. ಅದೂ ಫಿಕ್ಸ್ ಮಾಡುವುದೇ. ಒಂದು ಕೋಶ ಎರಡಾಗುವಾಗ ವರ್ಣತಂತುಗಳು ಸಾಲುಗಟ್ಟಿ ನಿಂತು ಬೇರೆಯಾಗುತ್ತವೆ. ಆ ಘಟ್ಟದಲ್ಲೇ ಅವು ಅಲ್ಲಾಡದೆ ನಿಂತುಬಿಡುತ್ತವೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಇನ್ನೂ ಸಣ್ಣ ವಿವರ ತೋರಿಸುತ್ತದೆ. ಅದಕ್ಕೆ ಫಾರ್ಮಲಿನ್‌ಗಿಂತ ಬಲವಾಗಿ ಬಿಗಿಯುವ ಗ್ಲುಟರಾಲ್ಡಿಹೈಡ್ ಬೇಕು. 1963ರಿಂದ ಅದು ಬಳಕೆಯಲ್ಲಿದೆ.

ಮನೆಯಲ್ಲಿ ದೊಡ್ಡವರ ಜೊತೆ ಕೂತು ಒಂದು ಪ್ರಯೋಗ ಮಾಡಬಹುದು. ಒಂದು ಲೋಟದಲ್ಲಿ ಮೊಟ್ಟೆಯ ಬಿಳಿಲೋಳೆ ಹಾಕಿ. ಅದರ ಮೇಲೆ ಔಷಧಿ ಅಂಗಡಿಯ ಸರ್ಜಿಕಲ್ ಸ್ಪಿರಿಟ್ ಸುರಿದು ಕಲಕಿ. ಒಲೆಯೇ ಇಲ್ಲದೆ ಲೋಳೆ ಬೆಳ್ಳಗೆ ಎಳೆಎಳೆಯಾಗಿ ಹೆಪ್ಪುಗಟ್ಟುವುದನ್ನು ನೋಡುತ್ತೀರಿ. ಆಲ್ಕೊಹಾಲ್ ಪ್ರೋಟೀನನ್ನು ಫಿಕ್ಸ್ ಮಾಡುವುದು ಹೀಗೆ. ಸ್ಪಿರಿಟ್ಟಿಗೆ ಬೇಗ ಬೆಂಕಿ ಹತ್ತುತ್ತದೆ, ಆದ್ದರಿಂದ ಒಲೆ, ದೀಪದ ಹತ್ತಿರ ಬೇಡ. ಆ ಮೊಟ್ಟೆಯನ್ನು ತಿನ್ನಲೂ ಬೇಡ, ನಾಯಿ ಬೆಕ್ಕಿಗೆ ಹಾಕಲೂ ಬೇಡ.

79 ವರ್ಷ ಕಾದ ಚೂರು

1918ರಲ್ಲಿ ಒಂದು ಭೀಕರ ಫ್ಲೂ ಜ್ವರ ಲೋಕವನ್ನೆಲ್ಲ ಸುತ್ತಿತು. ಭಾರತದಲ್ಲೇ ಕೋಟಿಗೂ ಹೆಚ್ಚು ಜನ ಸತ್ತರು. ಮೈಸೂರು ಸಂಸ್ಥಾನವನ್ನೂ ಅದು ಬಿಡಲಿಲ್ಲ. ಆ ಸೆಪ್ಟೆಂಬರಿನಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾದ ಕ್ಯಾಂಪ್ ಜಾಕ್ಸನ್ ಎಂಬ ಸೇನಾ ಶಿಬಿರದಲ್ಲಿ ರಾಸ್ಕೊ ವಾನ್ ಎಂಬ 21 ವರ್ಷದ ಸೈನಿಕ ಅದೇ ಜ್ವರಕ್ಕೆ ತುತ್ತಾದ. ಅವನ ಶ್ವಾಸಕೋಶದ ಚೂರನ್ನು ವೈದ್ಯರು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ ಸೇನೆಯ ಸಂಗ್ರಹಕ್ಕೆ ಕಳಿಸಿದರು. ಮನುಷ್ಯರ ಫ್ಲೂ ವೈರಸನ್ನು ವಿಜ್ಞಾನಿಗಳು ಹಿಡಿದದ್ದು 1933ರಲ್ಲಿ. ಡಿಎನ್‌ಎ ಹೇಗಿದೆ ಎಂದು ಗೊತ್ತಾದದ್ದು 1953ರಲ್ಲಿ. ಆ ಚೂರನ್ನು ಕಾಪಿಟ್ಟವರಿಗೆ ಇದಾವುದೂ ತಿಳಿದಿರಲು ಸಾಧ್ಯವಿರಲಿಲ್ಲ.

ದಶಕಗಳು ಉರುಳಿದ ಮೇಲೆ ಜೆಫ್ರಿ ಟಾಬನ್‌ಬರ್ಗರ್, ಆ್ಯನ್ ರೀಡ್ ಮತ್ತು ಸಂಗಡಿಗರು ಅದೇ ಮೇಣದ ಬ್ಲಾಕಿನಿಂದ ವೈರಸ್ಸಿನ ಆನುವಂಶಿಕ ವಸ್ತುವಿನ ತುಣುಕುಗಳನ್ನು ಹೊರತೆಗೆದು 1997ರಲ್ಲಿ ಪ್ರಕಟಿಸಿದರು. ಅಲಾಸ್ಕದ ಹಿಮನೆಲದಲ್ಲಿ ಹೂತಿದ್ದ ದೇಹವೊಂದರಿಂದಲೂ ಚೂರು ಸಿಕ್ಕಿತು. 2005ರ ಹೊತ್ತಿಗೆ ಆ ವೈರಸ್ಸಿನ ಪೂರ್ತಿ ವಿವರ ಲೋಕದ ಮುಂದಿತ್ತು.

ಹಳೆಯ ಬ್ಲಾಕುಗಳು ಸಾಮಾನ್ಯ ರೋಗಿಗಳಿಗೂ ಹೀಗೇ ನೆರವಾಗುತ್ತವೆ. ಫಾರ್ಮಲಿನ್ ಕಟ್ಟಿದ ಸೇತುವೆಗಳು ಕೆಲವು ಪರೀಕ್ಷೆಗಳಿಗೆ ಅಡ್ಡಬರುತ್ತವೆ. ಸ್ಲೈಡನ್ನು ಬಿಸಿಮಾಡಿದರೆ ಆ ಸೇತುವೆಗಳು ಒಂದಷ್ಟು ಸಡಿಲವಾಗುತ್ತವೆ ಎಂದು 1991ರಲ್ಲಿ ಶಾನ್-ರಾಂಗ್ ಶಿ ಮತ್ತು ಸಂಗಡಿಗರು ತೋರಿಸಿಕೊಟ್ಟರು. ಅಂದಿನಿಂದ ಎಷ್ಟೋ ಲ್ಯಾಬುಗಳಿಗೆ ಮೈಕ್ರೋವೇವ್ ಒಲೆ, ಪ್ರೆಷರ್ ಕುಕ್ಕರ್ ಬಂದಿವೆ. ಲ್ಯಾಬಿನಲ್ಲಿ ಕುಕ್ಕರ್ ಕಂಡರೆ ಅನ್ನಕ್ಕಿಟ್ಟಿದ್ದಾರೆ ಎಂದುಕೊಳ್ಳಬೇಡಿ!

ನಮ್ಮ ಬೆಂಗಳೂರಿನಲ್ಲೂ ಇಂಥ ಒಂದು ಸಂಗ್ರಹ ಇದೆ. ನಿಮ್ಹಾನ್ಸ್‌ನಲ್ಲಿ 1995ರಲ್ಲಿ ಮಿದುಳಿನ ಅಂಗಾಂಶ ಭಂಡಾರ ಆರಂಭವಾಯಿತು. ಸತ್ತವರ ಮನೆಯವರು ಒಪ್ಪಿ ದಾನ ಕೊಟ್ಟ ಮಿದುಳುಗಳನ್ನು ಅಲ್ಲಿ ಅಧ್ಯಯನಕ್ಕೆ ಕಾಪಿಡುತ್ತಾರೆ. ಹಸಿ ಮಿದುಳು ಗಟ್ಟಿ ಮೊಸರಿನಷ್ಟೇ ಮೆತ್ತಗೆ. ಪಾತ್ರೆಯ ತಳದಲ್ಲಿಟ್ಟರೆ ತನ್ನ ಭಾರಕ್ಕೇ ಚಪ್ಪಟೆಯಾಗುತ್ತದೆ. ಅದಕ್ಕಾಗಿ ಮಿದುಳಿನ ಬುಡದ ರಕ್ತನಾಳದ ಅಡಿಯಲ್ಲಿ ದಾರ ಪೋಣಿಸಿ, ಫಾರ್ಮಲಿನ್ ತುಂಬಿದ ಬಕೆಟ್ಟಿನಲ್ಲಿ ತೇಲುವಂತೆ ತೂಗುಹಾಕುವುದು ಪೆಥಾಲಜಿಯವರ ಹಳೆಯ ಪದ್ಧತಿ. ಎರಡು ಮೂರು ವಾರ ಕಳೆದರೆ ಅದು ಚೆನ್ನಾಗಿ ಕತ್ತರಿಸಬಹುದಾದಷ್ಟು ಗಟ್ಟಿ. ನಿಮ್ಹಾನ್ಸ್‌ನ ಮಿದುಳು ವಸ್ತುಸಂಗ್ರಹಾಲಯವನ್ನು ನೋಡಲು ಶಾಲೆಯ ಮಕ್ಕಳೂ ಹೋಗುತ್ತಾರೆ.

ಹತ್ತಿರದಿಂದ ಮೂಸಬೇಡಿ

ಪ್ರೋಟೀನನ್ನು ಹಿಡಿದು ಬಿಗಿಯುವ ವಸ್ತುವಿಗೆ ಸೀಸೆಯ ಚೂರು ಯಾವುದು, ನಮ್ಮ ಕಣ್ಣು ಮೂಗು ಯಾವುದು ಎಂಬ ಭೇದ ಗೊತ್ತಿಲ್ಲ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲಿ ತೀರ್ಮಾನಿಸಿತು. ನಾವು ಕೈಗವಸು ಹಾಕಿಕೊಂಡು, ಗಾಳಿ ಎಳೆಯುವ ಯಂತ್ರದ ಕೆಳಗೆ ಕೆಲಸ ಮಾಡುತ್ತಿದ್ದುದು ಇದಕ್ಕೇ. 2018ರಲ್ಲಿ ಕೇರಳದಲ್ಲಿ ಫಾರ್ಮಲಿನ್ ಬೆರೆಸಿದ ಮೀನನ್ನು ಅಧಿಕಾರಿಗಳು ಹಿಡಿದದ್ದು ಕರಾವಳಿಯವರಿಗೆ ನೆನಪಿರಬಹುದು. ಅಂಗಾಂಶ ಕಾಯುವ ದ್ರವ ಊಟದ ತಟ್ಟೆಗೆ ಬರಕೂಡದು. ಮನೆಯಲ್ಲಿ ಇಡುವ ವಸ್ತುವೂ ಅದಲ್ಲ.

ಸೀಸೆ ನಿಮ್ಮ ಕೈಗೆ ಬಂದರೆ

ಮನೆಯ ಹಿರಿಯರಿಗೆ ಬಯಾಪ್ಸಿ ಆಗುವುದಿದ್ದರೆ ಜೊತೆಗೆ ಹೋಗುವವರು ಕೆಲವು ಮಾತು ನೆನಪಿಟ್ಟುಕೊಳ್ಳಿ. ಕೇಳುವುದರಲ್ಲಿ ಸಂಕೋಚ ಬೇಡ. ಡಾಕ್ಟರೂ ಸಿಸ್ಟರೂ ಬೇಸರ ಮಾಡಿಕೊಳ್ಳುವ ಪ್ರಶ್ನೆಗಳಲ್ಲ ಇವು.

"ಚೂರು ಯಾವ ದ್ರವದಲ್ಲಿದೆ?" ಎಂದು ಮೊದಲು ಕೇಳಿ. ಫಾರ್ಮಲಿನ್ ಎಂದರೆ ಸರಿ. ಸಲೈನ್ ಎಂದರೆ, "ಇದು ಯಾವ ಪರೀಕ್ಷೆಗೆ, ಎಷ್ಟು ಹೊತ್ತಿನೊಳಗೆ ತಲುಪಿಸಬೇಕು?" ಎಂದು ಕೇಳಿ ತಿಳಿದುಕೊಳ್ಳಿ. ಕೆಲವು ಪರೀಕ್ಷೆಗಳಿಗೆ ಫಾರ್ಮಲಿನ್ ಸಲ್ಲದು ಎಂದು ಮೇಲೆ ಹೇಳಿದೆನಲ್ಲ. ಹಾಗಾಗಿ ನೀವಾಗಿಯೇ ಯಾವ ದ್ರವವನ್ನೂ ಸುರಿಯಬೇಡಿ, ನೀರನ್ನಂತೂ ಬೇಡವೇ ಬೇಡ.

ಸೀಸೆ ಅಗಲ ಬಾಯಿಯದಾಗಿದೆಯೇ, ಚೂರು ದ್ರವದಲ್ಲಿ ಪೂರ್ತಿ ಮುಳುಗಿದೆಯೇ ನೋಡಿ. ಕಿರಿದಾದ ಬಾಯಿಯ ಸೀಸೆಗೆ ಹಸಿ ಚೂರನ್ನು ಒತ್ತಿ ತುರುಕಬಹುದು, ಗಟ್ಟಿಯಾದ ಮೇಲೆ ಹೊರತೆಗೆಯಲು ಮಾತ್ರ ಬರುವುದಿಲ್ಲ. ಫಾರ್ಮಲಿನ್‌ನಲ್ಲಿರುವ ಚೂರನ್ನು ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿ ಇಡಬೇಡಿ. ಒಳಗಿನ ನೀರು ಹರಳುಗಟ್ಟಿ ಕೋಶಗಳನ್ನು ಹರಿದುಹಾಕುತ್ತದೆ. ಮುಚ್ಚಳವನ್ನು ದಾರಿಯಲ್ಲಿ ತೆರೆಯಬೇಡಿ. ಸೀಸೆಯನ್ನು ಇನ್ನೊಂದು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ನೆಟ್ಟಗೆ ಹಿಡಿದು, ಅದೇ ದಿನ ಲ್ಯಾಬಿಗೆ ತಲುಪಿಸಿ. ನಾಳೆ ಆ ಕಡೆ ಹೋಗುವವರಿದ್ದಾರೆ, ಅವರ ಕೈಯಲ್ಲಿ ಕಳಿಸಿದರಾಯಿತು ಎಂದುಕೊಳ್ಳಬೇಡಿ.

ವರದಿ ಬಂದಮೇಲೆ ಅದರ ಮೇಲಿರುವ ಬಯಾಪ್ಸಿ ಸಂಖ್ಯೆಯನ್ನು ಜೋಪಾನವಾಗಿ ಬರೆದಿಟ್ಟುಕೊಳ್ಳಿ. ಮುಂದೆ ಬೇರೆ ಆಸ್ಪತ್ರೆಯ ಅಭಿಪ್ರಾಯ ಬೇಕೆನಿಸಿದರೆ ಮತ್ತೆ ಕೊಯ್ಸಿಕೊಳ್ಳುವ ಮೊದಲು, ಹಳೆಯ ಬ್ಲಾಕ್ ಮತ್ತು ಸ್ಲೈಡು ಸಿಗುತ್ತವೆಯೇ ಎಂದು ಆ ಲ್ಯಾಬಿನಲ್ಲಿ ವಿಚಾರಿಸಿ. ಎಷ್ಟೋ ಸಲ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಇನ್ನೊಂದು ಕೆಲಸ ಮಕ್ಕಳಿಗೆ. ಅಜ್ಜ ಅಜ್ಜಿಯ ಕನ್ನಡಕ ಮನೆಯಲ್ಲೇ ಉಳಿದಿದ್ದರೂ ನಿಮ್ಮ ಕಣ್ಣು ಚುರುಕಾಗಿಯೇ ಇರುತ್ತದಲ್ಲ? ಸೀಸೆಯ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿ. ಹೆಸರು, ವಯಸ್ಸು, ಆಸ್ಪತ್ರೆಯ ಸಂಖ್ಯೆ, ಯಾವ ಭಾಗದ ಚೂರು, ತೆಗೆದ ದಿನ ಮತ್ತು ಹೊತ್ತು ಇಷ್ಟೂ ಇರಬೇಕು. ಚೀಟಿ ಮುಚ್ಚಳದ ಮೇಲಿರದೆ ಸೀಸೆಯ ಮೈಮೇಲೆ ಅಂಟಿರಬೇಕು, ಯಾಕೆಂದರೆ ಲ್ಯಾಬಿನ ಮೇಜಿನ ಮೇಲೆ ಒಂದೇ ಹೊತ್ತಿಗೆ ಹತ್ತಾರು ಮುಚ್ಚಳಗಳು ತೆರೆದಿರುತ್ತವೆ. ಒಂದು ಅಕ್ಷರ ತಪ್ಪಿದ್ದರೂ ಅಲ್ಲೇ ಸಿಸ್ಟರಿಗೆ ತೋರಿಸಿ ಸರಿಪಡಿಸಿಕೊಂಡು ಹೊರಡಿ.